ಕಾಂಕ್ರೀಟ್ ನೆಲಕ್ಕೆ ಎಪಾಕ್ಸಿ ಹೊದಿಕೆ: ಗ್ರಾಮ ಪಂಚಾಯತಿ ಸದಸ್ಯರಿಗೆ ಅಧ್ಯಯನ ಪಾಠ

ಪಾಠದ ಉದ್ದೇಶ

ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಆಂಧ್ರಪ್ರದೇಶದ ಗಡಿಯ ಕಡೆಗಿರುವ ಗೌನಿಪಲ್ಲಿ ಹಾಗೂ ಸುತ್ತಲಿನ ಗ್ರಾಮಗಳ ಜೀವನಾಧಾರ ಮಾವು, ಟೊಮೆಟೊ, ರೇಷ್ಮೆ ಮತ್ತು ಹಾಲು. ಇವುಗಳಲ್ಲಿ ಹಾಲು ವರ್ಷದ ಎಲ್ಲ ದಿನಗಳಲ್ಲಿಯೂ, ಬೆಳಿಗ್ಗೆ ಮತ್ತು ಸಂಜೆ ಎರಡು ಹೊತ್ತು, ಒಂದು ಕಾಂಕ್ರೀಟ್ ನೆಲದ ಮೇಲೆ ಬಂದು ಸೇರುತ್ತದೆ. ಹಾಲು ಉತ್ಪಾದಕರ ಸಂಘದ ಆ ನೆಲವೇ ಈ ಪಾಠದ ಮುಖ್ಯ ಉದಾಹರಣೆ. ಇತ್ತೀಚಿನ ವರ್ಷಗಳಲ್ಲಿ ಇಂತಹ ಕೊಠಡಿಗಳಿಗೆ, ಕುಡಿಯುವ ನೀರಿನ ಘಟಕಗಳಿಗೆ, ಶಾಲಾ ಅಡುಗೆ ಕೋಣೆಗಳಿಗೆ, ತ್ಯಾಜ್ಯ ವಿಂಗಡಣೆಯ ಶೆಡ್‌ಗಳಿಗೆ "ಎಪಾಕ್ಸಿ ಹಾಕಿಸಬೇಕು" ಎಂಬ ಬೇಡಿಕೆ ಸಭೆಗಳಲ್ಲಿ ಕೇಳಿಬರುವುದುಂಟು. ಹೊಳೆಯುವ ಬಣ್ಣದ ನೆಲವನ್ನು ಆಸ್ಪತ್ರೆಯಲ್ಲೋ ಕಾರ್ಖಾನೆಯಲ್ಲೋ ಕಂಡವರಿಗೆ ಈ ಬಯಕೆ ಸಹಜ.

ಆದರೆ ಎಪಾಕ್ಸಿ ಹೊದಿಕೆಯು ಕೆಟ್ಟ ನೆಲವನ್ನು ಒಳ್ಳೆಯದನ್ನಾಗಿ ಮಾಡುವ ಔಷಧವಲ್ಲ. ಅದು ಒಳ್ಳೆಯ ನೆಲವನ್ನು ಕೆಡದಂತೆ ಕಾಯುವ ಕವಚ ಮಾತ್ರ. ಈ ಒಂದು ಮಾತನ್ನು ಮರೆತು ಮಾಡಿದ ಕೆಲಸವು ಒಂದೆರಡು ಮಳೆಗಾಲದೊಳಗೆ ಹಪ್ಪಳದಂತೆ ಎದ್ದು ಬರುತ್ತದೆ, ಸಾರ್ವಜನಿಕ ಹಣವೂ ಅದರೊಂದಿಗೆ ಎದ್ದು ಹೋಗುತ್ತದೆ. ಕಾಮಗಾರಿಯ ತಾಂತ್ರಿಕ ಹೊಣೆ ಇಂಜಿನಿಯರರದು. ಆದರೆ ಕೇಳಬೇಕಾದ ಪ್ರಶ್ನೆಗಳನ್ನು ಸಕಾಲದಲ್ಲಿ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ದಾಖಲಿಸುವ ಹೊಣೆ ಸದಸ್ಯರದು. ಆ ಪ್ರಶ್ನೆಗಳನ್ನು ಅರ್ಥಸಹಿತ ತಿಳಿಸುವುದೇ ಈ ಪಾಠದ ಉದ್ದೇಶ.

1. ಕಾಂಕ್ರೀಟ್ ನೆಲ ಏಕೆ ಸವೆಯುತ್ತದೆ?

ಸಿಮೆಂಟು ಗಟ್ಟಿಯಾದಾಗ ಅದರಲ್ಲಿ ಸುಣ್ಣದ ಅಂಶ ಹೇರಳವಾಗಿ ಇರುತ್ತದೆ. ಸುಣ್ಣಕ್ಕೂ ಹುಳಿಗೂ ಆಗಿಬರದು. ನಿಂಬೆರಸ ಬಿದ್ದ ಸಿಮೆಂಟ್ ಕಟ್ಟೆಯ ಮೇಲೆ ಬಿಳಿಚಿದ, ಒರಟಾದ ಕಲೆ ಉಳಿಯುವುದನ್ನು ಎಲ್ಲರೂ ಕಂಡಿರುತ್ತಾರೆ. ನೆಲಕ್ಕೆ ಚೆಲ್ಲಿದ ಹಾಲು ಹುಳಿಯುವಾಗ ಲ್ಯಾಕ್ಟಿಕ್ ಆಮ್ಲ ಉಂಟಾಗುತ್ತದೆ. ಅದು ದಿನಕ್ಕೆ ಎರಡು ಬಾರಿ, ವರ್ಷಗಟ್ಟಲೆ ಸಿಮೆಂಟನ್ನು ಕರಗಿಸುತ್ತ ಹೋಗುತ್ತದೆ. ಸಿಮೆಂಟು ಕರಗಿದಂತೆ ಮರಳು ಮತ್ತು ಜಲ್ಲಿ ಮೇಲೆದ್ದು ಕಾಣುತ್ತವೆ. ಆ ಗುಳಿಗಳಲ್ಲಿ ಹಾಲು ನಿಂತು ಮತ್ತಷ್ಟು ಹುಳಿಯುತ್ತದೆ. ನೊಣ, ದುರ್ವಾಸನೆ ಮತ್ತು ಸೂಕ್ಷ್ಮಜೀವಿಗಳಿಗೆ ಅದು ನೆಲೆಯಾಗುತ್ತದೆ. ಹಾಲಿನ ಪಾತ್ರೆಗಳನ್ನು ಮತ್ತು ಶೀತಲೀಕರಣ ತೊಟ್ಟಿಯನ್ನು ತೊಳೆಯುವ ಕ್ಷಾರ ಹಾಗೂ ಆಮ್ಲದ ದ್ರಾವಣಗಳೂ ಅದೇ ನೆಲದ ಮೇಲೆ ಹರಿಯುತ್ತವೆ. ಇದರ ಮೇಲೆ 40 ಲೀಟರ್ ಕ್ಯಾನುಗಳನ್ನು ಎಳೆಯುವ, ಉರುಳಿಸುವ, ಕೆಲವೊಮ್ಮೆ ಕೆಡಹುವ ಪೆಟ್ಟು ಬೇರೆ.

ಮಾವಿನ ತಿರುಳು ತೆಗೆಯುವಲ್ಲಿಯೂ ಇದೇ ಕಥೆ. ಅಲ್ಲಿ ಹಾಲಿನ ಹುಳಿಯ ಬದಲು ಹಣ್ಣಿನ ಹುಳಿ ನೆಲವನ್ನು ತಿನ್ನುತ್ತದೆ.

ಕಲ್ಲುಚಪ್ಪಡಿ ಹಾಕಿದರೆ ಸಾಲದೇ ಎಂಬ ಪ್ರಶ್ನೆ ಬರುತ್ತದೆ. ಉತ್ತರವು ಯಾವ ಕಲ್ಲು ಎಂಬುದನ್ನು ಅವಲಂಬಿಸಿದೆ. ಕಡಪ, ಶಹಾಬಾದ್ ಮತ್ತು ಕೋಟಾ ಚಪ್ಪಡಿಗಳು ಸುಣ್ಣದ ಜಾತಿಯ ಕಲ್ಲುಗಳಾದುದರಿಂದ ಹುಳಿಗೆ ಅವೂ ಸವೆಯುತ್ತವೆ. ಕೋಲಾರ ಜಿಲ್ಲೆಯಲ್ಲಿ ಸಿಗುವ ಗ್ರಾನೈಟ್ ಹುಳಿಗೆ ಜಗ್ಗುವುದಿಲ್ಲ. ಆದರೆ ಚಪ್ಪಡಿಗಳ ನಡುವಿನ ಸಿಮೆಂಟ್ ಸಂದು ಕರಗಿ ಹಾಲು ಕೆಳಗಿಳಿಯುತ್ತದೆ, ನುಣುಪು ಮಾಡಿದ ಗ್ರಾನೈಟ್ ನೀರಿನಲ್ಲಿ ಜಾರುತ್ತದೆ. ಸಂದುಗಳೇ ಇಲ್ಲದ, ಹುಳಿ ತಾಗದ, ಜಾರದ ನೆಲ ಬೇಕೆಂಬಲ್ಲಿ ಮಾತ್ರ ಎಪಾಕ್ಸಿಯ ವಿಚಾರ ಏಳುತ್ತದೆ.

2. ಎಪಾಕ್ಸಿ ಎಂದರೇನು?

ಎಪಾಕ್ಸಿ ಬಣ್ಣವಲ್ಲ. ಅದು ಎರಡು ಡಬ್ಬಿಗಳಲ್ಲಿ ಬರುವ ವಸ್ತು. ಒಂದರಲ್ಲಿ ರಾಳ, ಇನ್ನೊಂದರಲ್ಲಿ ಗಟ್ಟಿಕಾರಕ. ಬಣ್ಣವು ಒಣಗಿ ಗಟ್ಟಿಯಾಗುತ್ತದೆ. ಎಪಾಕ್ಸಿಯಾದರೋ ಇವೆರಡೂ ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುತ್ತದೆ, ಮತ್ತೆ ಕರಗುವುದಿಲ್ಲ. ಕಳೆದ ಶತಮಾನದ 1930 ಮತ್ತು 1940ರ ದಶಕಗಳಲ್ಲಿ ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ಟಾನ್ ಮತ್ತು ಅಮೆರಿಕದ ಸಿಲ್ವನ್ ಗ್ರೀನ್‌ಲೀ ಈ ರಾಳದ ಬಳಕೆಯನ್ನು ಬೆಳೆಸಿದರು. ಮನೆಯಲ್ಲಿ ಉಪ್ಪಿನಕಾಯಿಯನ್ನು ಪಿಂಗಾಣಿ ಜಾಡಿಯಲ್ಲಿ ಇಡುವುದು ಅದರ ಮೆರುಗು ಹುಳಿಗೆ ಬಗ್ಗದು ಎಂದು. ನೆಲದ ಮೇಲೆ ಎಪಾಕ್ಸಿ ಮಾಡುವ ಕೆಲಸವೂ ಅದೇ.

ಭಾರತೀಯ ಮಾನಕ ಸಂಸ್ಥೆಯು ಈ ವಿಷಯದಲ್ಲಿ ಎರಡು ಮಾನಕಗಳನ್ನು ಹೊರಡಿಸಿದೆ. ಸಾಮಗ್ರಿಗೆ ಐ.ಎಸ್. 9197, ಹಾಸುವ ವಿಧಾನಕ್ಕೆ ಐ.ಎಸ್. 4631. ಅಂದಾಜು ಪಟ್ಟಿಯಲ್ಲಿ ಒಂದು ಕಂಪನಿಯ ಹೆಸರನ್ನು ಬರೆಯುವುದಕ್ಕಿಂತ ಈ ಸಂಖ್ಯೆಗಳನ್ನೂ ದಪ್ಪವನ್ನೂ ಬರೆಯುವುದು ಮೇಲು. ಅದರಿಂದ ಪೈಪೋಟಿಗೆ ಅವಕಾಶ ಉಳಿಯುತ್ತದೆ, ಕೆಲಸವನ್ನು ಅಳೆಯಲೂ ಸಾಧ್ಯವಾಗುತ್ತದೆ.

3. ದಪ್ಪದ ಲೆಕ್ಕ: ಸದಸ್ಯರ ಕೈಯಲ್ಲಿರುವ ಅಳತೆಗೋಲು

"ಎಪಾಕ್ಸಿ ನೆಲ" ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಕೆಲಸಗಳು ನಡೆಯುತ್ತವೆ.

(ಅ) ತೆಳು ಲೇಪನ: 0.2ರಿಂದ 0.5 ಮಿ.ಮೀ. ರೋಲರಿನಿಂದ ಬಳಿಯುವಂಥದು. ದಾಸ್ತಾನು ಕೊಠಡಿಯ ಧೂಳು ತಡೆಯಲು ಸಾಕು. ಕ್ಯಾನುಗಳ ಪೆಟ್ಟಿಗೆ ಸಾಲದು.

(ಆ) ತಾನೇ ಸಮನಾಗಿ ಹರಡುವ ಹೊದಿಕೆ: 2ರಿಂದ 3 ಮಿ.ಮೀ. ಸುರಿದು ಹರಡುವಂಥದು. ಜನಸಂಚಾರ ಮತ್ತು ಕೈಗಾಡಿಗಳಿಗೆ ತಕ್ಕುದು.

(ಇ) ಎಪಾಕ್ಸಿ ಗಾರೆ: 4ರಿಂದ 6 ಮಿ.ಮೀ. ರಾಳಕ್ಕೆ ಶ್ರೇಣೀಕೃತ ಸ್ಫಟಿಕ ಮರಳು ಬೆರೆಸಿ ಕರಣೆಯಿಂದ ಹಾಸುವಂಥದು. ಭಾರ ಮತ್ತು ಪೆಟ್ಟು ಸಹಿಸುವ ಹೊದಿಕೆ ಎಂದರೆ ಇದೇ.

ಇವುಗಳನ್ನು ಗುರುತಿಸಲು ಸುಲಭವಾದ ಸೂತ್ರವೊಂದಿದೆ: 1 ಚದರ ಮೀಟರ್ ಜಾಗಕ್ಕೆ 1 ಮಿ.ಮೀ. ದಪ್ಪದ ಹೊದಿಕೆಗೆ 1 ಲೀಟರ್ ಮಿಶ್ರಣ ಬೇಕು.

ಲೆಕ್ಕಕ್ಕಾಗಿ 20 ಅಡಿ ಉದ್ದ, 15 ಅಡಿ ಅಗಲದ ಹಾಲು ಸಂಗ್ರಹಣಾ ಕೊಠಡಿಯೊಂದನ್ನು ಊಹಿಸಿಕೊಳ್ಳಬಹುದು. ಅದರ ವಿಸ್ತೀರ್ಣ 300 ಚದರ ಅಡಿ, ಅಂದರೆ ಸುಮಾರು 28 ಚದರ ಮೀಟರ್. 0.3 ಮಿ.ಮೀ. ಲೇಪನಕ್ಕೆ ಸುಮಾರು 8.4 ಲೀಟರ್ ಸಾಕು. 3 ಮಿ.ಮೀ. ಹೊದಿಕೆಗೆ 84 ಲೀಟರ್ ಬೇಕು. 5 ಮಿ.ಮೀ. ಗಾರೆಗೆ ಮರಳು ಸೇರಿದ ಮಿಶ್ರಣ 140 ಲೀಟರ್ ಬೇಕು. ಬಿಲ್ಲಿನಲ್ಲಿ ಬರಿದೇ "300 ಚದರ ಅಡಿ ಎಪಾಕ್ಸಿ ನೆಲಹಾಸು" ಎಂದು ಬರೆದರೆ ಈ ಮೂರರಲ್ಲಿ ಯಾವುದಾದರೂ ಆಗಬಹುದು. ಹಾಕಿದ ದಿನ ಮೂರೂ ಒಂದೇ ರೀತಿ ಹೊಳೆಯುತ್ತವೆ. ಭೇದ ತಿಳಿಯುವುದು ಕ್ಯಾನು ಎಳೆಯಲು ತೊಡಗಿದ ಮೇಲೆ. ಆದ್ದರಿಂದ ಅಂದಾಜು ಪಟ್ಟಿಯಲ್ಲಿ ದಪ್ಪವನ್ನು ಮಿಲಿಮೀಟರಿನಲ್ಲಿ ನಮೂದಿಸತಕ್ಕದ್ದು. ಕೆಲಸದ ಸ್ಥಳಕ್ಕೆ ಬಂದ ಡಬ್ಬಿಗಳನ್ನು ಎಣಿಸಿ, ತೆರೆಯುವ ಮುನ್ನ ಛಾಯಾಚಿತ್ರ ತೆಗೆದಿಡುವುದು ಒಳ್ಳೆಯದು. ಈ ಎಣಿಕೆಗೆ ಇಂಜಿನಿಯರಿಂಗ್ ವಿದ್ಯೆ ಬೇಕಿಲ್ಲ.

4. ಹೊದಿಕೆಗೆ ಮುನ್ನ ನೆಲದ ಪರೀಕ್ಷೆ

"ಮೇಲೆ ಥಳಕು, ಒಳಗೆ ಹುಳುಕು" ಎಂಬ ಗಾದೆ ಎಪಾಕ್ಸಿ ನೆಲಕ್ಕೆ ಅಕ್ಷರಶಃ ಸಲ್ಲುತ್ತದೆ. ಕೆಳಗಿನ ನಾಲ್ಕು ಪರೀಕ್ಷೆಗಳಿಗೆ ಯಾವ ಯಂತ್ರವೂ ಬೇಕಾಗಿಲ್ಲ.

ಸದ್ದಿನ ಪರೀಕ್ಷೆ: ಸಣ್ಣ ಸುತ್ತಿಗೆಯಿಂದ ನೆಲವನ್ನು ಅಲ್ಲಲ್ಲಿ ತಟ್ಟಬೇಕು. ಪೊಳ್ಳು ಸದ್ದು ಬಂದಲ್ಲಿ ಗಾರೆಯು ಕೆಳಗಿನ ಪದರದಿಂದ ಬಿಟ್ಟಿದೆ. ಅದನ್ನು ಒಡೆದು ತೆಗೆದು ಹೊಸದಾಗಿ ತುಂಬಬೇಕು.

ಗೀರಿನ ಪರೀಕ್ಷೆ: ಮೊಳೆಯಿಂದ ಗೀರಿದಾಗ ಬಿಳಿ ಪುಡಿ ಉದುರಿದರೆ ಮೇಲೆ ದುರ್ಬಲವಾದ ಸಿಮೆಂಟಿನ ಕೆನೆ ಇದೆಯೆಂದು ಅರ್ಥ. ಕಾಂಕ್ರೀಟಿಗೆ ನೀರು ಹೆಚ್ಚು ಹಾಕಿದಾಗ ಈ ಕೆನೆ ಕಟ್ಟುತ್ತದೆ. ಅದನ್ನು ಪೂರ್ತಿ ಉಜ್ಜಿ ತೆಗೆಯದೆ ಹೊದಿಕೆ ಹಾಕಕೂಡದು.

ಹನಿಯ ಪರೀಕ್ಷೆ: ನೆಲದ ಮೇಲೆ ನೀರಿನ ಹನಿಗಳನ್ನು ಬಿಡಬೇಕು. ಸ್ವಲ್ಪ ಹೊತ್ತಿನಲ್ಲೇ ಹೀರಿಕೊಂಡರೆ ಒಳ್ಳೆಯದು. ಕೆಸುವಿನ ಎಲೆಯ ಮೇಲಿನಂತೆ ಮುತ್ತಾಗಿ ನಿಂತರೆ ಎಣ್ಣೆ, ಜಿಡ್ಡು ಅಥವಾ ಹಳೆಯ ಪಾಲಿಶ್ ನೆಲದಲ್ಲಿ ಇಳಿದಿದೆ. ಹಾಲಿನ ಕೊಠಡಿಯಲ್ಲಿ ಬೆಣ್ಣೆಯ ಜಿಡ್ಡು ಇರುವುದು ಸಾಮಾನ್ಯ.

ತೇವದ ಪರೀಕ್ಷೆ: ನಾಲ್ಕರಲ್ಲಿ ಮುಖ್ಯವಾದುದು ಇದು. ಒಂದೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹರಡಿ ನಾಲ್ಕೂ ಅಂಚುಗಳನ್ನು ಅಂಟುಪಟ್ಟಿಯಿಂದ ಗಾಳಿಯಾಡದಂತೆ ಮುಚ್ಚಬೇಕು. ಕನಿಷ್ಠ 16 ಗಂಟೆ ಬಿಡಬೇಕು. ಇಂದು ಸಂಜೆ 4 ಗಂಟೆಗೆ ಹಾಕಿದರೆ ನಾಳೆ ಬೆಳಿಗ್ಗೆ 8ರ ನಂತರ ತೆಗೆಯಬಹುದು. ಹಾಳೆಯ ಒಳಮೈಯಲ್ಲಿ ಬೆವರಿನಂತೆ ಹನಿ ಕಟ್ಟಿದ್ದರೆ ಅಥವಾ ಕೆಳಗಿನ ಕಾಂಕ್ರೀಟು ಕಪ್ಪಗಾಗಿದ್ದರೆ ನೆಲದಲ್ಲಿ ತೇವವಿದೆ. ಪ್ರತಿ 500 ಚದರ ಅಡಿಗೆ ಒಂದರಂತೆ ಈ ಪರೀಕ್ಷೆ ಮಾಡುವುದು ವಾಡಿಕೆ. ನೇರ ಬಿಸಿಲು ಬೀಳುವಲ್ಲಿ ಇದನ್ನು ಮಾಡಬಾರದು.

ತೇವಕ್ಕೆ ಇಷ್ಟು ಮಹತ್ವವೇಕೆ? ಕಾಂಕ್ರೀಟು ಕಣ್ಣಿಗೆ ಘನವಾಗಿ ಕಂಡರೂ ಅದರ ತುಂಬ ಸೂಕ್ಷ್ಮ ರಂಧ್ರಗಳಿವೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಮಣ್ಣಿನ ತೇವವು ಅವುಗಳ ಮೂಲಕ ಮೇಲೇರುತ್ತದೆ. ಬರಿಯ ನೆಲದಲ್ಲಿ ಅದು ಆವಿಯಾಗಿ ಹೋಗುತ್ತದೆ. ಎಪಾಕ್ಸಿ ಹಾಕಿದ ಮೇಲೆ ಹೋಗಲು ದಾರಿಯಿಲ್ಲದೆ ಹೊದಿಕೆಯನ್ನೇ ಕೆಳಗಿನಿಂದ ತಳ್ಳುತ್ತದೆ. ಮೊದಲು ಗುಳ್ಳೆ ಏಳುತ್ತದೆ, ಆಮೇಲೆ ಬಿರುಕು ಬಿಡುತ್ತದೆ. ಹಳೆಯ ಕಟ್ಟಡಗಳ ನೆಲದಡಿಯಲ್ಲಿ ತೇವ ತಡೆಯುವ ಹಾಳೆ ಇಲ್ಲದಿರುವುದೇ ಹೆಚ್ಚು. ಹೊಸ ಕಟ್ಟಡವಾದರೆ ಕಾಂಕ್ರೀಟಿಗೆ ಮುನ್ನವೇ ದಪ್ಪ ಪಾಲಿಥೀನ್ ಹಾಳೆ ಹಾಸುವಂತೆ ಅಂದಾಜು ಪಟ್ಟಿಯಲ್ಲಿ ಸೇರಿಸುವುದು ಅಲ್ಪ ವೆಚ್ಚದ, ಬಹು ಲಾಭದ ಕ್ರಮ.

ಇಂಜಿನಿಯರರು ಉಪಕರಣದಿಂದ ಅಳೆಯುವಾಗ ನೋಡುವ ಮಿತಿಗಳು ಸಾಮಾನ್ಯವಾಗಿ ಹೀಗಿವೆ: ತೇವಾಂಶ ಶೇ. 4ಕ್ಕಿಂತ ಕಡಿಮೆ, ಕಾಂಕ್ರೀಟಿನ ಒತ್ತುಬಲ ಪ್ರತಿ ಚದರ ಮಿಲಿಮೀಟರಿಗೆ ಕನಿಷ್ಠ 25 ನ್ಯೂಟನ್, ಮೇಲ್ಮೈಯನ್ನು ಎಳೆದು ನೋಡುವ ಪರೀಕ್ಷೆಯಲ್ಲಿ ಕನಿಷ್ಠ 1.5 ನ್ಯೂಟನ್.

5. ಕಾಲದ ಲೆಕ್ಕ ಮತ್ತು ಮಾರ್ಚ್ ತಿಂಗಳ ಅವಸರ

ಹೊಸ ಕಾಂಕ್ರೀಟು ಹೊದಿಕೆಗೆ ಸಿದ್ಧವಾಗಲು ಕನಿಷ್ಠ 28 ದಿನ ಬೇಕು. ಆ ನಂತರವೂ ತೇವದ ಪರೀಕ್ಷೆಯಲ್ಲಿ ಉತ್ತೀರ್ಣವಾಗಬೇಕು. ಮಾರ್ಚ್ ಮೊದಲ ವಾರದಲ್ಲಿ ಕಾಂಕ್ರೀಟು ಹಾಕಿ, ಆರ್ಥಿಕ ವರ್ಷ ಮುಗಿಯುವ 31ರೊಳಗೆ ಎಪಾಕ್ಸಿಯನ್ನೂ ಮುಗಿಸಿ ಬಿಲ್ಲು ಮಾಡುವುದೆಂದರೆ ಹಸಿ ನೆಲಕ್ಕೆ ಮುಚ್ಚಳ ಹಾಕಿದಂತೆ. ಕ್ರಿಯಾ ಯೋಜನೆಯಲ್ಲಿಯೇ ಕಾಂಕ್ರೀಟು ಕೆಲಸವನ್ನು ಡಿಸೆಂಬರಿನೊಳಗೆ ಮುಗಿಸುವಂತೆಯೂ, ಹೊದಿಕೆಯನ್ನು ಫೆಬ್ರವರಿ ಅಥವಾ ಮಾರ್ಚ್ ಮೊದಲ ಭಾಗಕ್ಕೆ ಇಡುವಂತೆಯೂ ಯೋಜಿಸುವುದು ಯುಕ್ತ.

ಋತುವನ್ನೂ ನೋಡಬೇಕು. ಜಿಲ್ಲೆಯಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಹೆಚ್ಚು ಮಳೆಯ ತಿಂಗಳುಗಳು. ಆಗ ನೆಲ ಒಣಗದು. ಡಿಸೆಂಬರ್, ಜನವರಿಯ ಮುಂಜಾವಿನಲ್ಲಿ ಮಂಜು ಕವಿದಾಗ ತಣ್ಣನೆಯ ನೆಲದ ಮೇಲೆ ಕಣ್ಣಿಗೆ ಕಾಣದ ಇಬ್ಬನಿ ಕೂರುತ್ತದೆ. ನೆಲದ ಉಷ್ಣತೆಯು ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕೆಂಬುದು ನಿಯಮ.

ಇನ್ನೊಂದು ಮುಖ್ಯ ಸಂಗತಿ: ನೆಲ ಉಜ್ಜಲು, ತಳಲೇಪ, ಹೊದಿಕೆ, ಮೇಲ್ಪದರಗಳನ್ನು ಒಂದರ ಮೇಲೊಂದು ಹಾಕಲು ನಾಲ್ಕೈದು ದಿನ ಬೇಕು. ಕೊನೆಯ ಪದರದ ನಂತರ ಒಂದು ದಿನಕ್ಕೆ ಜನ ನಡೆಯಬಹುದು. ಆದರೆ ನೀರು, ಹುಳಿ ಮತ್ತು ಪೂರ್ಣ ಭಾರಕ್ಕೆ ಸುಮಾರು 7 ದಿನ ಕಾಯಬೇಕು. ಒಟ್ಟು ಹತ್ತು ಹನ್ನೆರಡು ದಿನ ಕೊಠಡಿ ಮುಚ್ಚಿರುತ್ತದೆ. ಅಷ್ಟು ದಿನ ಹಸುಗಳು ಹಾಲು ಕೊಡುವುದನ್ನು ನಿಲ್ಲಿಸುವುದಿಲ್ಲ. ಬದಲಿ ಜಾಗ, ಅಲ್ಲಿ ನೆರಳು, ನೀರು, ವಿದ್ಯುತ್ತು ಮತ್ತು ತೂಕದ ವ್ಯವಸ್ಥೆ ಇವನ್ನು ಸಂಘದ ಆಡಳಿತ ಮಂಡಳಿಯೊಡನೆ ಮೊದಲೇ ನಿಶ್ಚಯಿಸದಿದ್ದರೆ, ಮೂರನೆಯ ದಿನವೇ ಹಸಿ ಹೊದಿಕೆಯ ಮೇಲೆ ಕ್ಯಾನುಗಳು ಬರುತ್ತವೆ.

6. ಹಾಸುವಾಗ ಗಮನಿಸಬೇಕಾದುದು

ನೆಲವನ್ನು ಉಜ್ಜುವ ಯಂತ್ರದಿಂದ ಒರಟು ಮಾಡಿ, ಧೂಳು ಹೀರುವ ಯಂತ್ರದಿಂದ ಶುಚಿಗೊಳಿಸಬೇಕು. ಆಮ್ಲದಿಂದ ತೊಳೆಯುವ ಹಳೆಯ ಪದ್ಧತಿಯಲ್ಲಿ ನೆಲ ಮತ್ತೆ ನೆನೆಯುತ್ತದೆ, ಆಮ್ಲದ ಶೇಷವೂ ಉಳಿಯಬಹುದು.

ರಾಳ ಮತ್ತು ಗಟ್ಟಿಕಾರಕವನ್ನು ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲಿಯೇ ಬೆರೆಸಬೇಕು. ಅಂದಾಜಿನಲ್ಲಿ ಸುರಿಯುವಂತಿಲ್ಲ. ಗಟ್ಟಿಕಾರಕ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಪ್ರಮಾಣ ತಪ್ಪಿದರೆ ಎಂದೆಂದಿಗೂ ಅಂಟಂಟಾಗಿ ಉಳಿಯುತ್ತದೆ. ಬೆರೆಸಿದ ಮೇಲೆ ಸಾಮಾನ್ಯವಾಗಿ ಅರ್ಧ ಗಂಟೆಯ ಆಸುಪಾಸಿನಲ್ಲಿ ಬಳಸಿ ಮುಗಿಸಬೇಕು. ಬಿಸಿಲುಕಾಲದಲ್ಲಿ ಈ ಅವಧಿ ಇನ್ನೂ ಕಡಿಮೆ. ಬಕೆಟ್ಟಿನಲ್ಲಿ ಉಳಿದ ಮಿಶ್ರಣ ತಾನೇ ಕಾದು ಹೊಗೆಯಾಡಬಹುದು. ಗಟ್ಟಿಯಾಗತೊಡಗಿದುದನ್ನು ತಿನ್ನರ್ ಸೇರಿಸಿ ಮತ್ತೆ ಬಳಸಕೂಡದು.

ನೀರು ಚರಂಡಿಗೆ ಹರಿಯುವಂತೆ 100 ಅಡಿಗೆ 1 ಅಡಿಯಷ್ಟಾದರೂ ಇಳಿಜಾರನ್ನು ಕಾಂಕ್ರೀಟಿನಲ್ಲಿಯೇ ಕೊಡಬೇಕು. ಎಪಾಕ್ಸಿಯಲ್ಲಿ ಇಳಿಜಾರು ಮಾಡಹೊರಟರೆ ವೆಚ್ಚ ಏರುತ್ತದೆ. ಗೋಡೆ ಮತ್ತು ನೆಲ ಕೂಡುವ ಮೂಲೆಯನ್ನು ದುಂಡಾಗಿಸಿ ಹೊದಿಕೆಯನ್ನು ಗೋಡೆಗೆ ನಾಲ್ಕು ಅಂಗುಲ ಏರಿಸಿದರೆ ಅಲ್ಲಿ ಕೊಳೆ ನಿಲ್ಲದು. ಜಾರದಂತೆ ಮೇಲ್ಪದರದಲ್ಲಿ ಸ್ಫಟಿಕ ಮರಳನ್ನು ಉದುರಿಸಲೇಬೇಕು. ಮುಂಜಾನೆಯ ಮಬ್ಬಿನಲ್ಲಿ ಹಾಲು ತರುವವರಲ್ಲಿ ಅನೇಕರು ವಯಸ್ಸಾದ ಮಹಿಳೆಯರು. ನುಣುಪಾದ ನೆಲವು ಅವರ ಸೊಂಟದ ಮೂಳೆಗೆ ಅಪಾಯ.

ಕೆಲಸಗಾರರ ರಕ್ಷಣೆಯೂ ಗುತ್ತಿಗೆಯ ಭಾಗವೇ. ಗಟ್ಟಿಕಾರಕ ಚರ್ಮಕ್ಕೆ ತಾಗಿದರೆ ತುರಿಕೆ, ಅಲರ್ಜಿ ಉಂಟಾಗಿ ಜೀವನಪರ್ಯಂತ ಉಳಿಯಬಹುದು. ಕೈಗವಸು, ಕನ್ನಡಕ ಮತ್ತು ಗಾಳಿಯಾಟ ಅಗತ್ಯ. ಕಾಂಕ್ರೀಟು ಉಜ್ಜುವಾಗ ಏಳುವ ಧೂಳು ಕಲ್ಲುಕ್ವಾರಿಯ ಧೂಳಿನಂತೆಯೇ ಶ್ವಾಸಕೋಶಕ್ಕೆ ಸಿಲಿಕೋಸಿಸ್ ರೋಗ ತರಬಲ್ಲದು. ಖಾಲಿ ಡಬ್ಬಿಗಳನ್ನು ಸುಡುವುದಾಗಲಿ, ನೀರು ತುಂಬಲು ಮನೆಗೆ ಒಯ್ಯುವುದಾಗಲಿ ಕೂಡದು. ಗುತ್ತಿಗೆದಾರನೇ ಹಿಂದಕ್ಕೆ ಒಯ್ಯಬೇಕು.

7. ಎಲ್ಲಿ ಬೇಕು, ಎಲ್ಲಿ ಬೇಡ?

ಹಾಲು ಸಂಗ್ರಹಣಾ ಮತ್ತು ಶೀತಲೀಕರಣ ಕೊಠಡಿ: ಬೇಕು. ಆದರೆ ತೊಟ್ಟಿ ತೊಳೆದ ಕುದಿನೀರು ನೆಲಕ್ಕೆ ಬೀಳುವ ಜಾಗದಲ್ಲಿ ಎಚ್ಚರ ವಹಿಸಬೇಕು. ಸಾಮಾನ್ಯ ಎಪಾಕ್ಸಿ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆದುವಾಗತೊಡಗುತ್ತದೆ. ಅಂತಹ ಜಾಗಕ್ಕೆ ಪಾಲಿಯುರೆಥೇನ್ ಸಿಮೆಂಟ್ ಹೊದಿಕೆ ಹೆಚ್ಚು ತಕ್ಕುದು.

ಶಾಲೆಯ ಅಡುಗೆ ಕೋಣೆ: ಬೇಡ. ಕುದಿಯುವ ಸಾರು, ಗಂಜಿ ಚೆಲ್ಲುವ ಜಾಗ ಅದು. ಒರಟು ಮೈಯ ಗ್ರಾನೈಟ್ ಅಥವಾ ಜಾರದ ಟೈಲ್ಸ್ ಹಾಕಿ, ಸಂದುಗಳನ್ನು ಮಾತ್ರ ಎಪಾಕ್ಸಿ ಗ್ರೌಟಿನಿಂದ ತುಂಬಿದರೆ ಸಾಕು.

ಮಾವಿನ ಮಂಡಿಯ ತೆರೆದ ಅಂಗಳ: ಬೇಡ. ಬಿಸಿಲಿಗೆ ಎಪಾಕ್ಸಿ ಹಳದಿಗಟ್ಟಿ ಪುಡಿಯಾಗುತ್ತದೆ. ಬಿಸಿಲಿಗೆ ಕಾಂಕ್ರೀಟಿಗಿಂತ ಹೆಚ್ಚು ಹಿಗ್ಗಿ ಕುಗ್ಗಿ ಅಂಚುಗಳಲ್ಲಿ ಬಿಡುತ್ತದೆ. ಲಾರಿಗಳಿಗೆ ಒಳ್ಳೆಯ ಕಾಂಕ್ರೀಟೇ ಸರಿ.

ಒಣ ತ್ಯಾಜ್ಯ ವಿಂಗಡಣೆಯ ಶೆಡ್: ಬೇಡ. ಸರಿಯಾಗಿ ನೀರುಣಿಸಿದ ಕಾಂಕ್ರೀಟ್ ನೆಲ ಸಾಕು. ಉಳಿದ ಹಣದಲ್ಲಿ ಕೆಲಸಗಾರರ ಕೈತೊಳೆಯುವ ವ್ಯವಸ್ಥೆ ಮಾಡಿಸಬಹುದು.

ಶುದ್ಧ ಕುಡಿಯುವ ನೀರಿನ ಘಟಕ: ಸದಾ ಒದ್ದೆಯಿರುವ ನೆಲ. ಮೊದಲು ಸೋರಿಕೆ ಮತ್ತು ಇಳಿಜಾರನ್ನು ಸರಿಪಡಿಸಬೇಕು. ಹೆಚ್ಚಿನ ಕಡೆ ಅಷ್ಟರಿಂದಲೇ ಸಮಸ್ಯೆ ಪರಿಹಾರವಾಗುತ್ತದೆ.

8. ಹೊದಿಕೆ ಎದ್ದು ಬಂದರೆ?

ಆಗ ಗುತ್ತಿಗೆದಾರನು ಕಾಂಕ್ರೀಟನ್ನು ದೂರುವುದೂ, ಕಾಂಕ್ರೀಟು ಹಾಕಿದವನು ಎಪಾಕ್ಸಿಯನ್ನು ದೂರುವುದೂ ಸಾಮಾನ್ಯ. ಎದ್ದ ಚೂರಿನ ಬೆನ್ನನ್ನು ತಿರುವಿ ನೋಡಿದರೆ ಬಹುಮಟ್ಟಿಗೆ ಕಾರಣದ ಸುಳಿವು ಸಿಗುತ್ತದೆ. ಬೆನ್ನಿಗೆ ಬೂದು ಬಣ್ಣದ ಸಿಮೆಂಟು ದಪ್ಪನಾಗಿ ಅಂಟಿ ಬಂದಿದ್ದರೆ ಅಂಟು ಗಟ್ಟಿಯಾಗಿಯೇ ಇತ್ತು, ಕಾಂಕ್ರೀಟಿನ ಮೇಲ್ಪೊರೆ ದುರ್ಬಲವಾಗಿತ್ತು. ಬೆನ್ನು ಸ್ವಚ್ಛವಾಗಿ ಹೊಳೆಯುತ್ತಿದ್ದರೆ ಧೂಳು, ಜಿಡ್ಡು ಅಥವಾ ತೇವದ ಮೇಲೆ ಹಾಕಲಾಗಿತ್ತು. ಎರಡೂ ಸಂದರ್ಭಗಳಲ್ಲಿ ಹೊದಿಕೆಗೆ ಮುನ್ನ ಪರೀಕ್ಷೆ ನಡೆದಿದ್ದರೆ ದೋಷ ಆಗಲೇ ಸಿಕ್ಕುತ್ತಿತ್ತು. ಅದಕ್ಕಾಗಿಯೇ ಪರೀಕ್ಷೆಯ ದಿನಾಂಕ, ಫಲಿತಾಂಶ ಮತ್ತು ಛಾಯಾಚಿತ್ರಗಳು ಕಡತದಲ್ಲಿರಬೇಕು. ದೋಷ ಹೊಣೆಗಾರಿಕೆಯ ಅವಧಿಯೊಳಗೆ ಕನಿಷ್ಠ ಒಂದು ಮಳೆಗಾಲವಾದರೂ ಬರುವಂತೆ ಕರಾರಿನಲ್ಲಿ ನೋಡಿಕೊಳ್ಳಬೇಕು. ಭದ್ರತಾ ಠೇವಣಿಯನ್ನು ಹಿಂದಿರುಗಿಸುವ ಮುನ್ನ ನೆಲವನ್ನು ಮತ್ತೊಮ್ಮೆ ತಟ್ಟಿ ನೋಡಬೇಕು.

ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

1. ಈ ಕೊಠಡಿಗೆ ಎಪಾಕ್ಸಿಯೇ ಏಕೆ? ಗ್ರಾನೈಟ್ ಅಥವಾ ಒಳ್ಳೆಯ ಕಾಂಕ್ರೀಟು ಏಕೆ ಸಾಲದು?
2. ದಪ್ಪ ಎಷ್ಟು ಮಿಲಿಮೀಟರ್? ಎಷ್ಟು ಲೀಟರ್ ಸಾಮಗ್ರಿ ಬರಬೇಕು?
3. ತೇವದ ಪರೀಕ್ಷೆಯನ್ನು ಯಾರು, ಯಾವ ದಿನ ಮಾಡಿದರು? ಫಲಿತಾಂಶವೇನು?
4. ಕಾಂಕ್ರೀಟು ಹಾಕಿ ಎಷ್ಟು ದಿನವಾಯಿತು?
5. ಕೊಠಡಿ ಮುಚ್ಚಿರುವ ದಿನಗಳಲ್ಲಿ ಬದಲಿ ವ್ಯವಸ್ಥೆ ಏನು?
6. ಕಟ್ಟಡ ಪಂಚಾಯತಿಯದೇ, ಸಂಘದ್ದೇ? ವೆಚ್ಚ ಮತ್ತು ಮುಂದಿನ ನಿರ್ವಹಣೆ ಯಾರ ಹೊಣೆ?

ಅಭ್ಯಾಸ

ಪ್ರತಿಯೊಬ್ಬ ಸದಸ್ಯರೂ ತಮ್ಮ ವಾರ್ಡಿನ ಒಂದು ಸಾರ್ವಜನಿಕ ಕಟ್ಟಡದ ನೆಲವನ್ನು ಆರಿಸಿಕೊಂಡು, ಸುತ್ತಿಗೆ, ಮೊಳೆ, ಒಂದು ಲೋಟ ನೀರು ಮತ್ತು ಒಂದು ಪ್ಲಾಸ್ಟಿಕ್ ಹಾಳೆಯಿಂದ ಮೇಲಿನ ನಾಲ್ಕು ಪರೀಕ್ಷೆಗಳನ್ನು ಮಾಡಿ, ಫಲಿತಾಂಶವನ್ನು ಮುಂದಿನ ಸಾಮಾನ್ಯ ಸಭೆಗೆ ತರುವುದು. ಅನೇಕ ನೆಲಗಳಿಗೆ ಹೊದಿಕೆಗಿಂತ ಮೊದಲು ದುರಸ್ತಿ ಬೇಕೆಂಬುದು ಆಗ ಕಂಡುಬರಬಹುದು. ಹಾಗೆ ಕಂಡುಬಂದರೆ ಹೊದಿಕೆಗೆ ಇಟ್ಟ ಹಣವನ್ನು ಮೊದಲು ದುರಸ್ತಿಗೆ ಬಳಸುವ ಬಗ್ಗೆ ಸಭೆಯಲ್ಲಿ ಚರ್ಚಿಸಿ ತೀರ್ಮಾನಿಸುವುದು.